ನೂರಕ್ಕೆ ನೂರಾ ಮೂರು

ಜನವರಿ 9, ಗುರುವಾರ

ಇನ್ನೊಂದು ಪುಸ್ತಕದಲ್ಲಿ ನನ್ನ ಬಾಯಿ ಮುಚ್ಚಿಸಿದ್ದಕ್ಕೆ ಈ ಡೈರಿ ಶುರು ಮಾಡಿದ್ದೀನಿ.

ಸಾತನೂರು ರಸ್ತೆಯಿಂದ ಮಾರಕ್ಕನದೊಡ್ಡಿಗೆ ಹೋಗೋ ದಾರೀಲಿ ಹಳ್ಳಕ್ಕೆ ಸೇತುವೆ ಆಗಿದೆ. ಸೇತುವೆ ಮಾತ್ರ ಆಗಿದೆ. ಅದನ್ನ ಹತ್ತಬೇಕಾದರೆ ಎರಡೂ ಕಡೆ ಮಣ್ಣು ಹಾಕಿ, ಪದರ ಪದರವಾಗಿ ರೋಲರ್ ಹೊಡೆದು, ಹನ್ನೆರಡು ಅಡಿ ಏರಿ ಎತ್ತಬೇಕು. ಕಂಟ್ರಾಕ್ಟರ್ ಕೆಂಪರಾಜು ನಮ್ಮೂರಿನವನೇ, ನನ್ನನ್ನ ಮಾವ ಅಂತ ಕರೀತಾನೆ. ರೋಲರ್ ಅವನದು. ಸೀಟು ನನ್ನದು. ಮೂವತ್ತೆಂಟು ವರ್ಷದಿಂದ ಯಾವುದಾದರೂ ಒಂದು ರೋಲರಿನ ಸೀಟಿನ ಮೇಲೆ ಇದ್ದೀನಿ. ಸುತ್ತಮುತ್ತ ಕರಿಯಪ್ಪ ಅಂದರೆ ಯಾವ ಕರಿಯಪ್ಪ ಅಂತಾರೆ, ರೋಲರ್ ಕರಿಯಪ್ಪ ಅಂದರೆ ಮನೆ ತೋರಿಸ್ತಾರೆ.

ಈ ಕೆಲಸಕ್ಕೆ ಹೊಸ ಕಾನೂನಂತೆ. ಎಷ್ಟು ಗಂಟೆಗೆ ಶುರು, ಎಷ್ಟು ಟ್ರಿಪ್ ಹೊಡೆದೆ, ಎಷ್ಟು ಟ್ಯಾಂಕರ್ ನೀರು, ಎಲ್ಲ ನಾನೇ ಒಂದು ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಬರೆದೆ. ನಿನ್ನೆ ರಾಮನಗರದ ಲ್ಯಾಬಿನಿಂದ ಮಣ್ಣು ಟೆಸ್ಟ್ ಮಾಡೋ ಹುಡುಗಿ ಬಂದಳು. ಕೆಹಕಶಾನ್ ಅಂತ, ಚನ್ನಪಟ್ಟಣದ ಬೊಂಬೆ ಮಾಡೋರ ಮನೆಯವಳು, ಇಂಜಿನಿಯರ್ ಓದಿದ್ದಾಳೆ. ಪುಸ್ತಕ ತಿರುವಿದಳು. ‘ಎಂಟು ಟ್ರಿಪ್, ಎರಡು ಟ್ಯಾಂಕರ್, ಟ್ಯಾಂಕರ್ ಡ್ರೈವರ್ ಸೋಂಬೇರಿ, ಮಣ್ಣು ತಂದವನು ಅವನಪ್ಪ’ ಅಂತ ನಾನು ಬರೆದಿದ್ದೆ. ಅದಕ್ಕೆ ಕೆಂಪು ಪೆನ್ನಲ್ಲಿ ಸುತ್ತು ಹಾಕಿ, ‘ಇಲ್ಲಿ ಅಭಿಪ್ರಾಯ ಬರೆಯಬಾರದು’ ಅಂತ ಬರೆದು ಕೊಟ್ಟಳು. ಐದನೇ ಕ್ಲಾಸಲ್ಲಿ ಸ್ಕೂಲು ಬಿಟ್ಟ ಮೇಲೆ ನನಗೆ ಕೆಂಪು ಪೆನ್ನು ತೋರಿಸಿದವರು ಯಾರೂ ಇರಲಿಲ್ಲ.

ಸರಿ. ಅಲ್ಲಿ ಲೆಕ್ಕ, ಇಲ್ಲಿ ಅಭಿಪ್ರಾಯ. ಟ್ಯಾಂಕರ್ ಡ್ರೈವರ್ ಸೋಂಬೇರಿ.

ಜನವರಿ 11, ಶನಿವಾರ

ಟೆಸ್ಟ್ ಅಂದರೆ ಏನು ಅಂತ ಇವತ್ತು ಕಣ್ಣಾರೆ ನೋಡಿದೆ. ನಾನು ಕಷ್ಟಪಟ್ಟು ಗಟ್ಟಿ ಮಾಡಿದ ನೆಲದಲ್ಲಿ ಗುಂಡಿ ತೋಡೋದು. ಅದೇ ಟೆಸ್ಟು.

ಒಂದು ಗೇಣು ಗುಂಡಿ. ಅದರೊಳಗಿನ ಮಣ್ಣನ್ನ ಒಂದು ಚೂರೂ ಬಿಡದಂಗೆ ಚಮಚದಲ್ಲಿ ಗೋರಿ ತೂಕ ಮಾಡೋದು. ಆಮೇಲೆ ಗುಂಡಿಯ ಮೇಲೆ ಒಂದು ಡಬ್ಬಿ ಇಟ್ಟು, ಜರಡಿ ಹಿಡಿದ ಒಣ ಮರಳನ್ನ ತನ್ನಷ್ಟಕ್ಕೆ ಇಳಿಯೋಕೆ ಬಿಡೋದು. ಎಷ್ಟು ಮರಳು ಇಳೀತೋ ಗುಂಡಿ ಅಷ್ಟು ದೊಡ್ಡದು ಅಂತ ಲೆಕ್ಕ. ಅಷ್ಟು ದೊಡ್ಡ ಗುಂಡಿಯಿಂದ ಇಷ್ಟು ತೂಕದ ಮಣ್ಣು ಬಂತು ಅಂದರೆ ಇಷ್ಟು ಗಟ್ಟಿ. ಚಿನ್ನ ತೂಗೋರು ಕೂಡ ಇಷ್ಟು ಆಟ ಆಡಲ್ಲ.

ನನ್ನ ಟೆಸ್ಟ್ ಹಿಮ್ಮಡಿ. ಒಂದು ಸಲ ಊರಿ ತಿರುಗಿಸಿದರೆ ಸಾಕು, ಏರಿ ಏನು ಹೇಳ್ತದೆ ಅಂತ ಮಂಡಿವರೆಗೂ ಗೊತ್ತಾಗ್ತದೆ.

ಅವಳು ಕೂತು ಮರಳು ಬಿಡುವಾಗ ನಾನು ಹತ್ತು ಹೆಜ್ಜೆ ಆಚೆ ಉಳಿದ ಭಾಗಕ್ಕೆ, ಡ್ರಮ್ಮು ನಡುಗಿಸೋ ವೈಬ್ರೇಟರ್ ಹಾಕ್ಕೊಂಡು ಹೊಡೀತಾ ಇದ್ದೆ. ಎದ್ದು ಬಂದಳು.

‘ತಾತ, ಸ್ವಲ್ಪ ಗಾಡಿ ನಿಲ್ಲಿಸ್ತೀರಾ?’

‘ತಾತ ಅಂತ ನಿಮ್ಮ ಮನೇಲಿ ಕರ್ಕೊಳ್ಳಮ್ಮ. ಇಲ್ಲಿ ನಾನು ಡ್ರೈವರ್.’

‘ಸರಿ, ಡ್ರೈವರ್ರೇ. ಗಾಡಿ ನಿಲ್ಲಿಸಿ.’

‘ಸದ್ದು ತಡೆಯಕ್ಕಾಗದೋರು ರೋಡ್ ಕೆಲಸಕ್ಕೆ ಬರಬಾರದು.’

ಏನೋ ಹೇಳಿದಳು, ಸದ್ದಲ್ಲಿ ಕೇಳಿಸಲಿಲ್ಲ. ಕೇಳಿಸಿಕೊಳ್ಳೋ ಇಷ್ಟವೂ ಇರಲಿಲ್ಲ. ವಾಪಸ್ ಹೋಗಿ ಕೂತಳು.

ಜನವರಿ 13, ಸೋಮವಾರ

ತೊಂಬತ್ತೊಂದು.

ನೂರಕ್ಕೆ ತೊಂಬತ್ತೈದು ಬರಬೇಕಂತೆ. ಫೇಲ್. ಸ್ಕೂಲಲ್ಲಿ ತೊಂಬತ್ತೊಂದು ತೆಗೆದಿದ್ದರೆ ನಾನು ತಹಸೀಲ್ದಾರ್ ಆಗಿರ್ತಿದ್ದೆ.

ಜನವರಿ 17, ಶುಕ್ರವಾರ

ಸಂಕ್ರಾಂತಿ ಮುಗೀತು. ಎಳ್ಳು ಬೆಲ್ಲ ತಿಂದು ಒಳ್ಳೇ ಮಾತಾಡಬೇಕಂತೆ. ಎರಡು ದಿನ ಆಡಿದೆ.

ಫೇಲಾದ ಪದರವನ್ನ ಕಿತ್ತು, ನೀರು ಹಾಕಿ, ಮತ್ತೆ ಹತ್ತು ಟ್ರಿಪ್ ಹೊಡೆದೆ. ನಾನೇ ಹೊಡೆದದ್ದನ್ನ ನಾನೇ ಕೀಳೋದು ಇದೇ ಮೊದಲು.

ಲ್ಯಾಬಿನವಳು ಮತ್ತೆ ಬಂದಳು. ಮತ್ತೆ ‘ಡ್ರೈವರ್ರೇ, ಗಾಡಿ ನಿಲ್ಲಿಸಿ’. ಈ ಸಲ ಕೆಂಪರಾಜುವೇ ಅಡ್ಡ ಬಂದ. ‘ಮೇಡಂ, ಡೀಸೆಲ್ ಗಾಡಿ, ಟೈಮ್ ಇಲ್ಲ, ಪಕ್ಕದಲ್ಲಿ ಅವ್ನು ಅವ್ನ ಕೆಲ್ಸ ಮಾಡ್ತಾನೆ, ನೀವು ನಿಮ್ದು ಮಾಡಿ’ ಅಂದ. ನಾನು ಬೇಕು ಅಂತಲೇ ಇನ್ನೂ ಹತ್ತಿರ ಹೋಗಿ ಹೊಡೆದೆ. ನಾನು ಹೆಂಗೆ ಹೊಡೀತೀನಿ ಅಂತ ಅವಳೂ ನೋಡಲಿ ಅಂತ.

ಜನವರಿ 20, ಸೋಮವಾರ

ತೊಂಬತ್ತೆರಡು.

ಕೆಂಪರಾಜು ಬೈಕಲ್ಲಿ ಬಂದ. ಹಿಂದೆ ಅವನ ಭಾಮೈದ ಜಯಕುಮಾರ. ಬಿಡದಿ ಫ್ಯಾಕ್ಟರೀಲಿ ಫೋರ್ಕ್‌ಲಿಫ್ಟ್ ಓಡಿಸ್ತಿದ್ದವನು, ಈಗ ರೋಲರ್ ಲೈಸೆನ್ಸ್ ಮಾಡಿಸಿದ್ದಾನಂತೆ. ಇಳಿಯಲೂ ಇಲ್ಲ, ಬೈಕ್ ಮೇಲೇ ಕೂತು ನನ್ನ ಸೀಟು ನೋಡ್ತಾ ಇದ್ದ.

‘ಮಾವ, ನಿಂಗೆ ಅರವತ್ತೇಳಾಯ್ತು,’ ಅಂದ ಕೆಂಪರಾಜು.

‘ರೋಲರ್‌ಗೂ ವಯಸ್ಸಾಗೈತೆ. ಅದ್ಕೂ ಹೇಳು.’

‘ತಮಾಷೆ ಅಲ್ಲ ಮಾವ. ಎರಡು ಸಲ ಫೇಲ್. ಆಫೀಸಿನೋರು ನನ್ನ ಮಕ ನೋಡಿ ನಗ್ತಾ ಅವ್ರೆ. ಮೂರನೇದು ಫೇಲಾದ್ರೆ ಕೀ ಕೊಟ್ಬುಡು. ಬೇಜಾರು ಮಾಡ್ಕಬೇಡ.’

‘ಬೇಜಾರು ಯಾಕೆ. ಪಾಸಾದ್ರೆ ನೀನು ಏನು ಕೊಡ್ತೀಯ?’

ಕೆಂಪರಾಜು ಬೈಕ್ ಸ್ಟಾರ್ಟ್ ಮಾಡಿದ. ಜಯಕುಮಾರ ನಕ್ಕ. ಅವನ ಹಲ್ಲು ಚೆನ್ನಾಗಿದೆ.

ಮನೆಗೆ ಬಂದು ಹೆಂಡತಿ ಮಾಯಮ್ಮನಿಗೆ ಹೇಳಿದೆ. ‘ಹಂಗಾರೆ ಪಾಸಾಗು’ ಅಂದಳು. ಎಮ್ಮೆಗೆ ಹುಲ್ಲು ಹಾಕೋಕೆ ಹೋದಳು. ಈ ಮನೇಲಿ ನನ್ನ ಕಷ್ಟ ಎಮ್ಮೆ ಹುಲ್ಲಿನಷ್ಟೂ ಇಲ್ಲ.

ಜನವರಿ 23, ಗುರುವಾರ

ಇವತ್ತಿನದನ್ನ ಈ ಡೈರೀಲಿ ಬರೆಯಲೋ ಬೇಡವೋ ಅಂತ ಯೋಚಿಸಿದೆ. ಬೇರೆ ಯಾರೂ ಓದಲ್ಲ, ಬರೀತೀನಿ.

ಲ್ಯಾಬಿನ ಹುಡುಗಿ ಜೊತೆ ಗುಂಡಿ ತೋಡೋಕೆ ವಹಾಬ್ ಅಂತ ಒಬ್ಬ ಬರ್ತಾನೆ. ನನ್ನ ವಯಸ್ಸಿನವನು. ಮೊದಲು ರೇಷ್ಮೆ ನೂಲು ತೆಗೀತಿದ್ದ, ಈಗ ಇಪ್ಪತ್ತು ವರ್ಷದಿಂದ ಗುಂಡಿ ತೋಡ್ತಾನೆ. ಸಾಮಾನು ಇಡೋಕೆ ಒಂದು ದಿನ ಮುಂಚೆ ಬಂದಿದ್ದ. ಹುಣಸೇಮರದ ಕೆಳಗೆ ಇಬ್ಬರೂ ಬುತ್ತಿ ಬಿಚ್ಚಿದ್ವಿ. ಅವನ ಟೆಸ್ಟ್ ಸಾಮಾನಿನ ಒಂದು ಡಬ್ಬೀಲಿ ಕಾರ್ಬೈಡ್ ಪುಡಿ ಇತ್ತು. ಮಣ್ಣಿನ ಜೊತೆ ಅದನ್ನ ಹಾಕಿ ಮುಚ್ಚಳ ಬಿಗಿದು ಕುಲುಕಿದರೆ ಮಣ್ಣಲ್ಲಿ ಎಷ್ಟು ನೀರಿದೆ ಅಂತ ಮುಳ್ಳು ತೋರಿಸ್ತದಂತೆ.

‘ಲೇ ಇದು ಮಾವಿನಕಾಯಿ ಹಣ್ಣು ಮಾಡೋ ಪುಡಿ ಕಣ್ಲಾ,’ ಅಂದೆ.

‘ಹೂಂ ಕಣಪ್ಪ. ಮಂಡೀಲಿ ಇಟ್ಕಂಡ್ರೆ ಕೇಸು, ಲ್ಯಾಬಲ್ಲಿ ಇಟ್ಕಂಡ್ರೆ ಸೈನ್ಸು.’

ನಕ್ಕೆ. ಆಮೇಲೆ ನನ್ನ ಸಂಕಟ ಹೇಳಿದೆ. ನಾಳೆ ಟೆಸ್ಟ್, ಫೇಲಾದರೆ ಸೀಟು ಹೋಗ್ತದೆ, ಹಿಮ್ಮಡಿ ಊರಿದರೆ ಕಲ್ಲಿನಂಗೈತೆ, ನಿಮ್ಮ ಡಬ್ಬಿ ಮಾತ್ರ ತೊಂಬತ್ತೆರಡು ಅಂತೈತೆ ಅಂದೆ.

ವಹಾಬ್ ಮುದ್ದೆ ಮುರಿಯೋದು ನಿಲ್ಲಿಸಿ ನನ್ನ ಮುಖ ನೋಡಿದ. ‘ಬೇಬಿ ನಿಂಗೆ ಹೇಳ್ಲಿಲ್ವಾ?’ ಅಂದ. ಕೆಹಕಶಾನ್‌ನ ಅವನು ಬೇಬಿ ಅಂತಾನೆ.

‘ಏನು?’

‘ಸೇರಲ್ಲಿ ರಾಗಿ ಅಳೀವಾಗ ಸೇರನ್ನ ಕುಟ್ಟಿದ್ರೆ ಏನಾಯ್ತದೆ?’

‘ರಾಗಿ ಕೆಳಗಿಳೀತದೆ. ಇನ್ನೊಂದು ಹಿಡಿ ಹಿಡೀತದೆ.’

‘ಮತ್ತೆ? ನಾವು ಮರಳು ಬಿಡುವಾಗ ನೀನು ಪಕ್ಕದಲ್ಲಿ ನೆಲ ಗಡಗಡ ಅನ್ನಿಸ್ತೀಯ. ಮರಳು ಕುಕ್ಕಿ ಕುಕ್ಕಿ ಜಾಸ್ತಿ ಇಳೀತದೆ. ಗುಂಡಿ ಇರೋದಕ್ಕಿಂತ ದೊಡ್ಡದು ಅಂತ ಲೆಕ್ಕ ಆಯ್ತದೆ. ಗುಂಡಿ ದೊಡ್ಡದು, ಮಣ್ಣು ಅಷ್ಟೇ. ನಿನ್ನ ಮಾರ್ಕ್ಸ್ ಕಮ್ಮಿ. ಬೇಬಿ ಎರಡೂ ಸಲ ಬಂದು ಹೇಳಿದ್ಲಲ್ಲಪ್ಪ ನಿಲ್ಸಿ ಅಂತ.’

ಎರಡು ಸಲ ನನ್ನ ಫೇಲ್ ಮಾಡಿದ್ದು ನಾನೇ. ಎರಡನೇ ಸಲ ಹತ್ತಿರ ಹೋಗಿ ಮಾಡಿದ್ದೆ.

‘ಯಾರಿಗೂ ಹೇಳ್ಬೇಡ,’ ಅಂದೆ.

‘ನಾನ್ಯಾಕೆ ಹೇಳ್ಲಿ. ಉಪ್ಪಿನಕಾಯಿ ಕೊಡು.’

ಇಡೀ ಬಾಟಲಿ ಕೊಟ್ಟೆ.

ಜನವರಿ 24, ಶುಕ್ರವಾರ

ಅವಳು ಡಬ್ಬಿ ಎತ್ತುವ ಮೊದಲೇ ಇಂಜಿನ್ ಆಫ್ ಮಾಡಿ ಕೆಳಗಿಳಿದೆ. ನನ್ನನ್ನ ನೋಡಿದಳು. ‘ಇಂಜಿನ್ ಬಿಸಿಯಾಗೈತೆ, ಒಸಿ ಆರಲಿ,’ ಅಂದೆ. ಟಿಪ್ಪರ್‌ನವನು ಹಾರ್ನ್ ಹೊಡ್ಕೊಂಡು ಬಂದ. ಅವನನ್ನೂ ಮೋರಿ ಹತ್ತಿರವೇ ನಿಲ್ಲಿಸಿದೆ. ಉಗಿದೆ ಕೂಡ. ಉಗಿಯೋಕೆ ಕಾರಣ ಇದ್ದರೆ ಒಂದು ತೃಪ್ತಿ.

ಜನವರಿ 25, ಶನಿವಾರ

ತೊಂಬತ್ತಾರು ಮುಕ್ಕಾಲು. ಪಾಸ್.

ಕೆಂಪರಾಜು, ‘ನೋಡ್ದಾ ಮಾವ, ಒಸಿ ಬಿಗಿ ಮಾಡಿದ್ಕೆ ಸರಿಯಾಗಿ ಹೊಡ್ದೆ,’ ಅಂದ. ಹೂಂ ಅಂದೆ. ಬೇರೆ ಏನು ಹೇಳಲಿ.

ಫೆಬ್ರವರಿ 1, ಶನಿವಾರ

ಒಂದು ವಾರ ಬರೆಯಲಿಲ್ಲ. ಬೈಯೋಕೆ ಏನೂ ಸಿಕ್ಕಲಿಲ್ಲ. ಎರಡು ಪದರ ಪಾಸ್, ತೊಂಬತ್ತಾರು ಮತ್ತು ತೊಂಬತ್ತಾರೂವರೆ.

ಕೆಹಕಶಾನ್ ಕೆಲಸ ಮುಗಿದ ಮೇಲೆ ಹುಣಸೇಮರದ ಕೆಳಗೆ ಕೂತು ಲೆಕ್ಕ ಬರೀತಾಳೆ. ಇವತ್ತು ಹತ್ತಿರ ಹೋಗಿ ಕೇಳಿಯೇ ಬಿಟ್ಟೆ, ‘ಈ ನೂರು ಅನ್ನೋದನ್ನ ಯಾರು ಇಟ್ಟಿದ್ದು?’

ಸಿಟ್ಟು ಮಾಡಲಿಲ್ಲ, ಹೇಳಿದಳು. ಇದೇ ಮಣ್ಣನ್ನ ಮೊದಲೇ ಲ್ಯಾಬಿಗೆ ತಗೊಂಡು ಹೋಗಿ ಕಬ್ಬಿಣದ ಡಬ್ಬೀಲಿ ಹಾಕಿ, ಒಂದು ಗುಂಡನ್ನ ಒಂದೇ ಎತ್ತರದಿಂದ ಬಿಟ್ಟು ಬಿಟ್ಟು ಕುಟ್ಟುತ್ತಾರಂತೆ. ಒಂದು ಸಲ ಕಮ್ಮಿ ನೀರು, ಒಂದು ಸಲ ಜಾಸ್ತಿ. ಯಾವ ನೀರಿಗೆ ಅತಿ ಹೆಚ್ಚು ತೂಕ ಕೂತ್ಕೊಳ್ತದೋ ಆ ತೂಕವೇ ನೂರು. ನೀರು ಕಮ್ಮಿಯಾದರೆ ಮಣ್ಣು ಕೂಡಲ್ಲ, ಜಾಸ್ತಿಯಾದರೆ ನೀರೇ ಜಾಗ ಹಿಡ್ಕೊಳ್ತದೆ.

‘ಮುದ್ದೆ,’ ಅಂದೆ.

‘ಅದೇ,’ ಅಂದಳು. ‘ನಮ್ಮ ಈ ಕೆಂಪು ಮಣ್ಣಿಗೆ ನೂರು ಅಂದರೆ ಒಂದು ಎಂಬತ್ತೈದು. ಒಂದು ಲೀಟರ್ ಹಿಡಿಸೋ ಪಾತ್ರೇಲಿ ಒಂದು ಕೇಜಿ ಎಂಟುನೂರೈವತ್ತು ಗ್ರಾಂ ಮಣ್ಣು. ನೀರಿನ ತೂಕ ಬಿಟ್ಟು.’

ರಾತ್ರಿ ಮಾಯಮ್ಮ ಮುದ್ದೆ ತೊಳಸುವಾಗ, ‘ನೀರು ಒಂದು ಗುಟುಕು ಜಾಸ್ತಿಯಾಯ್ತು’ ಅಂದೆ. ಕೋಲು ನನ್ನ ಕೈಗೆ ಕೊಟ್ಟಳು. ನಲವತ್ತು ವರ್ಷಕ್ಕೆ ಮೊದಲ ಸಲ ಮುದ್ದೆ ಮಾಡಿದೆ. ಗಂಟು ಗಂಟು. ತಿಂದೆ. ಅಭಿಪ್ರಾಯ ಬರೆಯಲ್ಲ.

ಫೆಬ್ರವರಿ 7, ಶುಕ್ರವಾರ

ನೂರಕ್ಕೆ ನೂರಾ ಮೂರು.

ನಾನು ಲೆಕ್ಕದಲ್ಲಿ ನೂರಕ್ಕೆ ಹನ್ನೊಂದು ತೆಗೆದು ಸ್ಕೂಲು ಬಿಟ್ಟವನು. ಇವತ್ತು ಕೆಂಪರಾಜು ಫೋನಲ್ಲಿ ಆ ಕಾಗದವನ್ನ ಎಲ್ಲರಿಗೂ ತೋರಿಸ್ತಾ ತಿರುಗಿದ. ಬಿಡದಿಯಿಂದ ತಟ್ಟೆ ಇಡ್ಲಿ ತರಿಸಿ ಸೈಟಿನವರಿಗೆಲ್ಲ ಹಂಚಿದ. ‘ರೋಲರ್ ಕರಿಯಪ್ಪ ಅಂದ್ರೆ ಸುಮ್ಕೆ ಅಲ್ಲ ಕಣ್ರಲೇ, ದೇವ್ರು ಕೊಟ್ಟಿದ್ಕಿಂತ ಮೂರು ಜಾಸ್ತಿ ತಗೊಂಡವ್ನೆ,’ ಅಂದ. ಜಯಕುಮಾರನೂ ಬಂದು ಕೈ ಕುಲುಕಿದ. ಸೋಮವಾರ ಮುಂದಿನ ಪದರ, ಏರಿ ಮುಗಿಯೋವರೆಗೂ ನೀನೇ ಮಾವ ಅಂದ ಕೆಂಪರಾಜು.

ಟೆಸ್ಟ್ ದಿನ ಕೆಹಕಶಾನ್‌ಗೆ ಜ್ವರ, ವಹಾಬ್ ಒಬ್ಬನೇ ಬಂದು ಗುಂಡಿ ತೋಡಿ, ತೂಕ ಬರ್ಕೊಂಡು ಹೋಗಿದ್ದ. ಅವಳು ಲ್ಯಾಬಲ್ಲಿ ಕೂತು ಲೆಕ್ಕ ಮಾಡಿ ಕಳಿಸಿದ್ದಾಳೆ.

ಎರಡು ಇಡ್ಲಿ ತಿಂದೆ. ಮೂರನೇದು ಹೋಗಲಿಲ್ಲ.

ಅದೇ ರೋಲರ್, ಅದೇ ಎಂಟು ಟ್ರಿಪ್, ಅದೇ ಎರಡು ಟ್ಯಾಂಕರ್. ಹೋದ ವಾರ ತೊಂಬತ್ತಾರು. ಈ ವಾರ ನನಗೇನು ಕೋಡು ಮೂಡಿತ್ತಾ?

ಫೆಬ್ರವರಿ 8, ಶನಿವಾರ

ಬೆಳಿಗ್ಗೆ ಯಾರೂ ಬರೋ ಮೊದಲು ಹೋಗಿ ಆ ಪದರದ ಮೇಲೆ ಹಿಮ್ಮಡಿ ಊರಿದೆ. ನೂರಾ ಮೂರು ಅಂದರೆ ಹಿಮ್ಮಡಿ ನೋಯಬೇಕು. ಕೆಳಗೆ ಸ್ಪಂಜಿನಂಗೆ ಒಂದು ಎಳೆ ಕುಣೀತು.

ಒಂದು ತಿಂಗಳ ಹಿಂದೆ ಆಗಿದ್ದರೆ, ಕಾಗದ ಸುಳ್ಳು, ನನ್ನ ಹಿಮ್ಮಡಿ ನಿಜ ಅಂತ ಕುಣಿದಾಡ್ತಿದ್ದೆ. ಈಗ ಕಾಗದ ನನ್ನ ಕಡೆ, ಹಿಮ್ಮಡಿ ನನ್ನ ವಿರುದ್ಧ.

ಮಣ್ಣು ಕೈಗೆ ತಗೊಂಡೆ. ಕೆಂಪಲ್ಲ. ಬೂದು ಬಣ್ಣದ ಗರಸು, ಚೂರು ಕಲ್ಲು ತುಂಬಿದ್ದು. ಮೊದಲು ಮಣ್ಣು ತೆಗೀತಿದ್ದ ಜಾಗದಲ್ಲಿ ಕೆಂಪು ಮಣ್ಣು ಮುಗೀತು ಅಂತ ಕೆಂಪರಾಜು ಬುಧವಾರದಿಂದ ಕೋಡಿಹಳ್ಳಿ ಕಡೆ ಗುಡ್ಡದಿಂದ ಹೊಡೆಸ್ತಾ ಇದ್ದಾನೆ. ನಾನೇ ಅದರ ಮೇಲೆ ಎಂಟು ಟ್ರಿಪ್ ಹೊಡೆದಿದ್ದೆ, ಬಣ್ಣ ನೋಡಿದ್ದೆ, ತಲೆ ಕೆಡಿಸಿಕೊಂಡಿರಲಿಲ್ಲ.

ಸಂಜೆ ಮಾಯಮ್ಮ ಹಾಲಿನ ಡೈರಿಗೆ ಹಾಲು ಹಾಕಿ ಬಂದಳು. ಬೋರಮ್ಮನ ಜೊತೆ ಜಗಳ ಆಡಿ ಬಂದಿದ್ದಳು. ಬೋರಮ್ಮ ಹಸುವಿನ ಹಾಲು ಅಂತ ಬರೆಸಿ, ಎಮ್ಮೆ ಹಾಲು ಬೆರೆಸಿ ತಂದಿದ್ದಳಂತೆ. ಮೆಷಿನ್‌ನಲ್ಲಿ ಜಿಡ್ಡು ಎಷ್ಟೋ ಜಾಸ್ತಿ ತೋರಿಸಿ, ‘ಬೋರಮ್ಮನ ಹಸುವೇ ಹಸು’ ಅಂತ ಎಲ್ಲ ಹೊಗಳಿದರಂತೆ.

‘ಎಮ್ಮೆ ಹಾಲಿಗೆ ಅದೇನು ಹೆಚ್ಚಾ? ಎಮ್ಮೆ ಅಂತ ಹೇಳಿ ಅಳತೆ ಮಾಡಿದ್ರೆ ತೆಳ್ಳಗೈತೆ ಅಂತ ವಾಪಸ್ ಕಳಿಸೋರು,’ ಅಂದಳು.

ನಾನು ಕೂತಲ್ಲೇ ಕೂತೆ.

ಗರಸು ಹುಟ್ಟಾ ಭಾರ. ಕಲ್ಲಿರೋ ಮಣ್ಣು. ಅದರ ನೂರು ಬೇರೆಯೇ ಇರಬೇಕು, ಒಂದು ಎಂಬತ್ತೈದಕ್ಕಿಂತ ಮೇಲೆ. ಅದನ್ನ ಕೆಂಪು ಮಣ್ಣಿನ ನೂರಕ್ಕೆ ಹಿಡಿದು ಅಳೆದಿದ್ದಾರೆ. ನನ್ನ ನೂರಾ ಮೂರು ಬೋರಮ್ಮನ ಹಸು.

‘ಏನಾಯ್ತು? ಯಾಕೆ ಹಂಗೆ ಕೂತೆ?’ ಅಂದಳು.

‘ಏನಿಲ್ಲ. ಬೋರಮ್ಮನಿಗೆ ಹೇಳು, ಅವಳು ಮಾಡಿದ್ದು ತಪ್ಪು.’

‘ನಾನೇ ಹೇಳಿ ಬಂದೆ. ನೀನ್ಯಾಕೆ ಬೆವರ್ತಾ ಇದ್ದೀಯ?’

ಫೆಬ್ರವರಿ 9, ಭಾನುವಾರ

ಸುಮ್ಮನೆ ಇದ್ದರೆ ಯಾರಿಗೂ ಗೊತ್ತಾಗಲ್ಲ. ನಾಳೆ ಅದರ ಮೇಲೆ ಇನ್ನೊಂದು ಪದರ ಬೀಳ್ತದೆ, ಆಮೇಲೆ ಇನ್ನೊಂದು. ನನ್ನ ಸೀಟು ನನಗೆ. ಒಂದೆರಡು ಮಳೆ ಕಳೆದ ಮೇಲೆ ಸೇತುವೆ ಹಂಗೇ ನಿಂತಿರ್ತದೆ, ಏರಿ ಕೂತ್ಕೊಳ್ತದೆ, ಮಧ್ಯೆ ಮೊಳದುದ್ದ ಮೆಟ್ಟಿಲು. ಮಾಗಡಿ ಕಡೆ ಒಂದು ಕೆಲಸದಲ್ಲಿ ಅಂಥದ್ದು ನೋಡಿದ್ದೀನಿ. ಅಲ್ಲಿ ಬೈಕಿನವರು ಎಗರಿ ಬಿದ್ದು ಎದ್ದು, ರೋಡ್ ಮಾಡಿದವನ ತಾಯಿಯನ್ನ ನೆನೆಸಿಕೊಂಡು ಹೋಗ್ತಾರೆ. ನಮ್ಮವ್ವ ಸತ್ತು ಮೂವತ್ತು ವರ್ಷ ಆಯ್ತು. ಸುಮ್ಮನೆ ಮಲಗಿದ್ದಾಳೆ, ಮಲಗಿರಲಿ.

ಫೆಬ್ರವರಿ 10, ಸೋಮವಾರ

ಮೊದಲ ಬಸ್ಸಿಗೆ ಗೊಬ್ಬರದ ಚೀಲದಲ್ಲಿ ಅರ್ಧ ಗರಸು ತುಂಬಿಕೊಂಡು ಹೊರಟೆ. ಕಂಡಕ್ಟರ್ ಚೀಲ ಮುಟ್ಟಿ ನೋಡಿದ. ‘ಏನ್ ಯಜಮಾನ್ರೇ ಇದು?’

‘ಮಣ್ಣು.’

‘ಯಾವ ದೇವಸ್ಥಾನದ್ದು?’

‘ಕೆಂಪರಾಜುದು.’

ಕಣ್ಣಿಗೊತ್ತಿಕೊಂಡ. ಲಗೇಜಿನ ದುಡ್ಡು ತಗೊಳ್ಳಲಿಲ್ಲ.

ಕನಕಪುರದಲ್ಲಿ ಬಸ್ ಬದಲಾಯಿಸಿ, ರಾಮನಗರದಲ್ಲಿ ಲ್ಯಾಬ್ ಹುಡುಕಿಕೊಂಡು ಹೋದೆ. ಚೀಲ ಇಳಿಸಿ, ಎಮ್ಮೆ ಹಾಲಿನ ಕಥೆಯನ್ನೇ ಹೇಳಿದೆ. ಕೆಹಕಶಾನ್ ಮಣ್ಣನ್ನ ಕೈಯಲ್ಲಿ ಹಿಡಿದಳು. ಮುಖ ಸಣ್ಣದಾಯ್ತು.

‘ವಹಾಬ್ ಚಾಚಾ, ಮಣ್ಣು ಬದಲಾಗಿದ್ದು ನಿಮಗೆ ಕಾಣಲಿಲ್ವಾ?’

‘ಕಂಡೆ ಬೇಬಿ. ಬಣ್ಣ ಬೇರೆ ಅಂತ ಗೊತ್ತಾಯ್ತು. ಫಾರಂನಲ್ಲಿ ಬಣ್ಣಕ್ಕೆ ಜಾಗ ಇಲ್ವಲ್ಲ. ಅಭಿಪ್ರಾಯ ಬರೀಬೇಡಿ ಅಂತ ನೀವೇ ಹೇಳಿದ್ರಿ.’

ನಾನು ಗೋಡೆ ಕಡೆ ನೋಡಿದೆ. ನಗು ಬಂದರೆ ಅವಳಿಗೆ ಬೇಜಾರಾಗ್ತದೆ.

ಅವಳು ಕುರ್ಚೀಲಿ ಕೂತು ಸ್ವಲ್ಪ ಹೊತ್ತು ಪೆನ್ನು ತಿರುಗಿಸಿದಳು. ‘ತಪ್ಪು ನನ್ನದು. ಮಣ್ಣು ನೋಡದೆ ಸಹಿ ಹಾಕಿದೆ. ಈ ಮಣ್ಣನ್ನ ಕುಟ್ಟಿ ನೋಡಿ ಹೊಸದಾಗಿ ಲೆಕ್ಕ ಹಾಕಬೇಕು. ಡ್ರೈವರ್ರೇ, ಫೇಲ್ ಆದರೆ ಅದು ಮೂರನೇದು. ಮೂರಾದರೆ ಸೀಟು ಹೋಗುತ್ತೆ ಅಂತ ಕೆಂಪರಾಜು ಸೈಟಲ್ಲೆಲ್ಲ ಹೇಳಿದ್ದಾರೆ. ನಿಮಗೆ ಗೊತ್ತು ತಾನೆ?’

‘ಮೂರರವರೆಗೆ ಎಣಿಸೋಕೆ ನನಗೂ ಬರ್ತದೆ.’

‘ಒಂದು ದಾರಿ ಇದೆ. ಮೊದಲ ಎರಡು ಟೆಸ್ಟ್ ಟೈಮಲ್ಲಿ ಪಕ್ಕದಲ್ಲೇ ರೋಲರ್ ಓಡ್ತಾ ಇತ್ತು. ಅವು ಲೆಕ್ಕಕ್ಕೆ ಬರಲ್ಲ ಅಂತ ನಾನು ಬರೆದುಕೊಡ್ತೀನಿ. ಮೊದಲೇ ಬರೀಬೇಕಿತ್ತು. ಆಗ ಇದೊಂದೇ ಫೇಲ್ ಆಗುತ್ತೆ. ನಿಮ್ಮ ಸೀಟು ಉಳಿಯುತ್ತೆ.’

ಬರೆದರೆ ಅದು ಕೆಂಪರಾಜು ಕೈಗೆ ಹೋಗ್ತದೆ. ಹೆಣ್ಣುಮಗಳು ಎರಡು ಸಲ ನಿಲ್ಲಿಸು ಅಂದರೂ ನಿಲ್ಲಿಸದೆ, ರೋಲರ್ ಕರಿಯಪ್ಪ ತನ್ನ ಏರಿಯನ್ನ ತಾನೇ ಫೇಲ್ ಮಾಡಿಕೊಂಡ ಅಂತ ಜಯಕುಮಾರ ಆ ಚೆನ್ನಾಗಿರೋ ಹಲ್ಲು ಬಿಟ್ಟು ಓದ್ತಾನೆ. ಸಾತನೂರಿನ ಟೀ ಅಂಗಡೀಲೂ ಓದ್ತಾನೆ.

‘ಬೇಡ,’ ಅಂದೆ. ‘ಮೂರು ಸಲ ಫೇಲಾದೋನು ಅನ್ನಿಸ್ಕಂಡ್ರೂ ಪರವಾಗಿಲ್ಲ.’

‘ಇದೆಂಥ ಲೆಕ್ಕ?’

‘ನೂರಕ್ಕೆ ಹನ್ನೊಂದು ತೆಗೆದವನ ಲೆಕ್ಕ.’

ಟೀ ತರಿಸಿಕೊಟ್ಟಳು. ಸಕ್ಕರೆ ಕಮ್ಮಿ ಇತ್ತು, ಕುಡಿದೆ.

ಫೆಬ್ರವರಿ 13, ಗುರುವಾರ

ಗರಸಿನ ನೂರು ಎರಡು ಸೊನ್ನೆ ಐದು. ನನ್ನ ಪದರ ಬಂದದ್ದು ಒಂದು ತೊಂಬತ್ತೊಂದು. ಕೆಂಪು ಮಣ್ಣಿಗೆ ಹಿಡಿದರೆ ನೂರಾ ಮೂರು. ಅದರ ಸ್ವಂತ ನೂರಕ್ಕೆ ಹಿಡಿದರೆ ತೊಂಬತ್ತಮೂರು.

ಗರಸಿಗೆ ನೀರು ಕಮ್ಮಿ ಸಾಕಾಗಿತ್ತಂತೆ. ನಾನು ಕೆಂಪು ಮಣ್ಣಿನ ಲೆಕ್ಕದಲ್ಲೇ ಎರಡು ಟ್ಯಾಂಕರ್ ಹೊಡೆಸಿದ್ದೆ. ಟ್ಯಾಂಕರ್ ಡ್ರೈವರ್ ಒಂದೇ ಸಾಕಲ್ವಾ ಯಜಮಾನ್ರೇ ಅಂದಿದ್ದ. ಸೋಂಬೇರಿ ಅಂತ ಬೈದಿದ್ದೆ. ಸೋಂಬೇರಿಯೇ. ಆದರೂ ಒಂದೇ ಸಾಕಾಗಿತ್ತು.

ಫೆಬ್ರವರಿ 14, ಶುಕ್ರವಾರ

ಕೆಂಪರಾಜು ಮನೆಗೇ ಬಂದ. ಜಗುಲಿ ಮೇಲೆ ಕೂತು ಮೊದಲು ನೀರು ಕುಡಿದ. ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು.

‘ಪರೀಕ್ಷೇಲಿ ಫೇಲ್ ಮಾಡಿದ್ರು ಅಂತ ಮೇಷ್ಟ್ರ ಮನೆಗೆ ಹೋಗೋರನ್ನ ನೋಡಿದ್ದೀನಿ,’ ಅಂದ. ‘ನಂಗೆ ಜಾಸ್ತಿ ಮಾರ್ಕ್ಸ್ ಬಂದ್ಬುಟ್ಟೈತೆ, ಕಮ್ಮಿ ಮಾಡಿ ಅಂತ ಬಸ್ ಚಾರ್ಜ್ ಕೊಟ್ಕಂಡು ಹೋದೋನ್ನ ಎಲ್ಲಾರ ನೋಡಿದ್ದೀಯಾ ಮಾವ?’

‘ಏರಿ ಕೂತ್ಕಳದು ಕಣ್ಲಾ.’

‘ಕೂತ್ಕಂಡಾಗ ನೋಡ್ಕತಿದ್ವಿ.’

‘ನೋಡ್ಕಳಕ್ಕೆ ಆಗ ನೀನಿರ್ತಿದ್ಯಾ, ನಾನಿರ್ತಿದ್ನಾ?’

ಲೋಟ ಕೆಳಗಿಟ್ಟ. ಆಮೇಲೆ ಕೈ ಚಾಚಿದ. ‘ಮಾತು ಮಾತೇ ಮಾವ. ಆಫೀಸಿನೋರ ಮುಂದೆ ಮೂರು ಫೇಲ್ ಆದ್ಮೇಲೆ ನಾನು ಯಾರನ್ನಾರ ಬದಲಾಯಿಸಿದೆ ಅಂತ ತೋರಿಸ್ಬೇಕು. ಮಣ್ಣು ಬದಲಾಯಿಸಿದ್ದು ನಾನೇ ಸರಿ. ನನ್ನ ಬದಲಾಯಿಸಕ್ಕಾಯ್ತದಾ?’

ಅದು ನಿಜ. ಕಂಟ್ರಾಕ್ಟರನ್ನ ಬದಲಾಯಿಸೋ ಫಾರಂ ಎಲ್ಲೂ ಇಲ್ಲ.

ಮೊಳೆಗೆ ನೇತುಹಾಕಿದ್ದ ಕೀ ಮಾಯಮ್ಮನೇ ತಂದುಕೊಟ್ಟಳು. ನನ್ನ ಕೈಗೆ ಕೊಟ್ಟಳು, ಅವನ ಕೈಗಲ್ಲ.

ಫೆಬ್ರವರಿ 15, ಶನಿವಾರ

ಹುಲ್ಲು ಕುಯ್ದೆ.

ಫೆಬ್ರವರಿ 16, ಭಾನುವಾರ

ಹುಲ್ಲು.

ಫೆಬ್ರವರಿ 18, ಮಂಗಳವಾರ

ಜಯಕುಮಾರ ಫೋನ್ ಮಾಡಿದ. ಎತ್ತಬಾರದು ಅಂದುಕೊಂಡೆ, ಕೈ ಎತ್ತಿಬಿಟ್ಟಿತು.

‘ಯಜಮಾನ್ರೇ, ಆ ಪದರ ಕಿತ್ತು ಮತ್ತೆ ಹೊಡೀತಾ ಇವ್ನಿ. ಡ್ರಮ್ಮಿಗೆ ಮಣ್ಣು ಅಂಟ್ಕತಾ ಐತೆ. ಏನ್ ಮಾಡದು?’

ಗೊತ್ತಿಲ್ಲ ಅಂತ ಇಟ್ಟುಬಿಡಬೇಕಾಗಿತ್ತು. ಬಾಯಿ ಕೇಳಲಿಲ್ಲ.

‘ನೀರು ಜಾಸ್ತಿ ಆಗೈತೆ ಕಣ್ಲಾ. ಇವತ್ತು ಹೊಡೀಬೇಡ, ಕೆದರಿ ಬಿಸಿಲಿಗೆ ಬುಡು. ನಾಳೆ ಒಂದು ಮುಷ್ಟಿ ಹಿಡಿ. ಉಂಡೆ ಆಗ್ಬೇಕು, ಕೈ ಒದ್ದೆ ಆಗ್ಬಾರ್ದು. ಉಂಡೆ ಮುರಿದ್ರೆ ಎರಡೇ ಹೋಳಾಗ್ಬೇಕು, ಪುಡಿ ಆಗ್ಬಾರ್ದು.’

‘ಫ್ಯಾಕ್ಟರೀಲಿ ಹಿಂಗೆಲ್ಲ ಇರ್ಲಿಲ್ಲ ಯಜಮಾನ್ರೇ.’

‘ಅಲ್ಲಿ ನೆಲ ಬೇರೆಯೋನು ಮಾಡಿಕೊಟ್ಟಿದ್ದ, ಅದ್ಕೆ.’

ಫೆಬ್ರವರಿ 20, ಗುರುವಾರ

ಎರಡು ದಿನದಲ್ಲಿ ಏಳು ಸಲ ಫೋನ್. ಎಷ್ಟು ಸ್ಪೀಡು, ಅಂಚಲ್ಲಿ ಎಷ್ಟು ಟ್ರಿಪ್, ಸೇತುವೆ ಗೋಡೆ ಹತ್ತಿರ ವೈಬ್ರೇಟರ್ ಹಾಕಬಹುದಾ. ‘ಹಾಕಿದ್ರೆ ಗೋಡೆ ಬಿರುಕು ಬಿಡ್ತದೆ, ಅಲ್ಲಿ ಕೈಯಲ್ಲಿ ಹಿಡಿಯೋ ಸಣ್ಣ ಮೆಷಿನ್ ತರಿಸು’ ಅಂದೆ. ಕೆಂಪರಾಜು ಬೇಡ ಅಂತಾನೆ ಅಂದ. ‘ಬೇಡ ಅಂದ್ರೆ ಆ ಜಾಗದಲ್ಲೇ ಗುಂಡಿ ತೆಗೀರಿ ಅಂತ ಲ್ಯಾಬಿಗೆ ಹೇಳ್ತೀನಿ ಅನ್ನು’ ಅಂದೆ. ಮೆಷಿನ್ ಬಂತಂತೆ.

‘ಸಂಬಳ ಅವ್ನಿಗೆ, ಗಂಟಲು ನಿಂದು,’ ಅಂದಳು ಮಾಯಮ್ಮ.

‘ಅವನಿಗೇನಾದ್ರೂ ಗೊತ್ತಿದ್ರೆ ನಾನ್ಯಾಕೆ ಕಿರುಚ್ಲಿ?’

‘ನಾನೇನು ಬೇಡ ಅಂದ್ನಾ? ಹೊರಗೆ ಹೋಗಿ ಕಿರುಚು. ಎಮ್ಮೆ ಹಾಲು ಕೊಡಲ್ಲ.’

ಫೆಬ್ರವರಿ 24, ಸೋಮವಾರ

ಮಧ್ಯಾಹ್ನದಿಂದ ಫೋನ್ ಜೇಬಲ್ಲೇ ಇಟ್ಟುಕೊಂಡಿದ್ದೆ. ಕೊಟ್ಟಿಗೆ ಗುಡಿಸುವಾಗ ಎರಡು ಸಲ ತೆಗೆದು ನೋಡಿದೆ. ಐದೂಕಾಲಿಗೆ ಬಂತು.

‘ಯಜಮಾನ್ರೇ, ತೊಂಬತ್ತಾರು. ಪಾಸು.’

‘ಯಾವ ನೂರಕ್ಕೆ?’

‘ಅಂದ್ರೆ?’

‘ಗರಸಿನ ನೂರಕ್ಕಾ, ಕೆಂಪು ಮಣ್ಣಿನ ನೂರಕ್ಕಾ? ಎರಡು ಸೊನ್ನೆ ಐದು ಅಂತ ಐತಾ ಕಾಗದದಾಗೆ, ನೋಡು.’

ಕಾಗದ ತಿರುವಿದ ಸದ್ದು ಬಂತು. ‘ಐತೆ. ಎರಡು ಸೊನ್ನೆ ಐದು. ಮೇಡಂ ಪಕ್ಕದಲ್ಲಿ ಮಣ್ಣಿನ ಬಣ್ಣಾನೂ ಬರೆದವ್ರೆ.’

ಸೀಟು ಅವನದು, ತೊಂಬತ್ತಾರೂ ಅವನದು. ನನಗೆ ಹೊಟ್ಟೆ ಉರೀಬೇಕಿತ್ತು. ಮಧ್ಯಾಹ್ನ ಊಟ ಸರಿಯಾಗಿ ಮಾಡಿರಲಿಲ್ಲ, ಅದಕ್ಕೇ ಇರಬೇಕು, ಬರೀ ಹಸಿವಾಯ್ತು.

‘ಎಷ್ಟು ಗುಂಡಿ ತೆಗೆದ್ರು?’ ಅಂದೆ.

‘ಒಂದು.’

‘ಒಂದು ಗುಂಡಿ ನೋಡಿ ಕುಣೀಬೇಡ. ಸೇತುವೆ ಗೋಡೆ ಪಕ್ಕ ಒಂದು, ಅಂಚಲ್ಲಿ ಒಂದು, ಇನ್ನೆರಡು ತೆಗೀಲಿ ಅಂತ ಹೇಳು.’

‘ಯಜಮಾನ್ರೇ, ಪಾಸಾಗೈತೆ ಕಣ್ರೀ,’ ಅಂದು ಇಟ್ಟುಬಿಟ್ಟ.

ಮತ್ತೆ ನಾನೇ ಮಾಡಿದೆ. ಎತ್ತಲಿಲ್ಲ. ಕೆಂಪರಾಜುಗೆ ಮಾಡಿದೆ. ಅವನೂ ಎತ್ತಲಿಲ್ಲ.

ಬೆಳಿಗ್ಗೆ ಏಳೂಕಾಲಿಗೆ ಸೈಟಿನ ಕಡೆ ಬಸ್ಸಿದೆ. ಹೋಗಿ ಇಬ್ಬರಿಗೂ ಎದುರಿಗೇ ಹೇಳಿ ಬರಬೇಕು. ನನಗೇನು, ಕೆಲಸವಿಲ್ಲವಲ್ಲ.